ಸೊಟ್ಟ ಗೆರೆ

"ಕಣ್ಣೇನು ಕಿಸೆಯಲ್ಲಿಟ್ಕೊಂಡು ಕೂತಿದ್ದೀಯಾ? ಗೆರೆ ಸೊಟ್ಟಗಿದೆ ಅಂದ್ರೆ ಸೊಟ್ಟಗಿದೆ. ಬಿಚ್ಚು!"

"ಎರಡು ಸಲ ಬಿಚ್ಚಿ ಹೆಣೆದಿದ್ದೀನಿ ಅಣ್ಣ. ಮೂರನೇ ಸಲ ಬಿಚ್ಚಿದ್ರೆ ಅಲ್ಲಿ ಬಟ್ಟೆ ಇರಲ್ಲ, ಬರೀ ತೂತು ಇರುತ್ತೆ."

"ತೂತಾದ್ರೂ ನೆಟ್ಟಗಿರ್ಲಿ!"

"ಹಾಗಿದ್ರೆ ನೀನೇ ಬಿಚ್ಕೋ. ಸಂಜೆ ಆ ಬ್ಯಾಂಕಿನೋರು ಬಂದಾಗ ನೀನೇ ಉತ್ತರ ಹೇಳ್ಕೋ. ನಂಗಂತೂ ಸಾಕಾಗಿದೆ. ಬೆಳಗ್ಗೆಯಿಂದ ಸೊಟ್ಟ, ಸೊಟ್ಟ, ಸೊಟ್ಟ. ನಿನ್ನ ಬಾಯಿಗೆ ಬೇರೆ ಮಾತೇ ಬರಲ್ವಾ?"

ತಂಗಿ ಕೋಟನ್ನು ಮೇಜಿನ ಮೇಲೆ ಬಿಸಾಕಿದ ರಭಸಕ್ಕೆ ಅವಳ ಸೂಜಿ ಡಬ್ಬಿಯ ಮುಚ್ಚಳ ಹಾರಿ ಕೆಳಗೆ ಬಿತ್ತು. ಅದನ್ನೂ ಎತ್ತಿಕೊಳ್ಳದೆ ಚಪ್ಪಲಿ ಮೆಟ್ಟಿಕೊಂಡು, ಮೂಲೆಯ ಚಹಾದಂಗಡಿಯ ಕಡೆ ನಡೆದುಬಿಟ್ಟಳು. ಅವನು ಬಯ್ಯಬೇಕಾದದ್ದು ಇನ್ನೂ ಬಾಕಿಯಿತ್ತು. ನಾಲಗೆಯ ತುದಿಗೆ ಬಂದದ್ದನ್ನು ಕೇಳಲು ಯಾರೂ ಇಲ್ಲದೆ ನುಂಗಿಕೊಂಡ. ಈಚೀಚೆಗೆ ಸಿಟ್ಟು ಕೂಡ ಮೊದಲಿನ ಹಾಗೆ ಗಟ್ಟಿಯಾಗಿ ನಿಲ್ಲುವುದಿಲ್ಲ; ಬರುತ್ತದೆ, ಮೈಯನ್ನೊಮ್ಮೆ ಜಾಡಿಸುತ್ತದೆ, ಸುಸ್ತನ್ನು ಬಿಟ್ಟು ಹೋಗುತ್ತದೆ. ಬಗ್ಗಿ ಮುಚ್ಚಳ ಹುಡುಕಿದ. ಕಾಲಿನ ಹತ್ತಿರವೇ ಇತ್ತು. ನೇರವಾಗಿ ನೋಡಿದಾಗ ಇರಲಿಲ್ಲ, ಕುರ್ಚಿಯ ಕಾಲನ್ನು ನೋಡುತ್ತಿದ್ದಾಗ ಕಂಡಿತು. ಕಂಡದ್ದರ ಮೇಲೆ ಕೈ ಹಾಕಿ ಎತ್ತಿಕೊಂಡು, ಅದು ಯಾಕೆ ಹಾಗೆ ಕಂಡಿತು ಎಂದು ತನ್ನನ್ನು ತಾನು ಕೇಳಿಕೊಳ್ಳದೆ, ಮುಚ್ಚಳವನ್ನು ಡಬ್ಬಿಗೆ ಒತ್ತಿದ.

ಉದ್ದಕ್ಕೆ ಕಿರಿದಾದ ಒಂದೇ ಕೋಣೆ ಅದು. ಬಿಸಿಲು ಬೀಳದೆ ಬರೀ ಬೆಳಕು ಬರುವ ಕಡೆಗೆ ಒಂದು ಕಿಟಕಿ, ಅದರ ಕೆಳಗೆ ಮೇಜು, ಎದುರುಬದುರು ಎರಡು ಕುರ್ಚಿ. ಗೋಡೆಯ ಮೇಲೆ ಒಂದೇ ಒಂದು ಮೊಳೆ. ಹರಿದ, ಸುಟ್ಟ, ಇಲಿ ಕಡಿದ ಬಟ್ಟೆಗೆ ರಫು ಮಾಡುವುದು, ಎಂದರೆ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕದ್ದು, ಉದ್ದೆಳೆಯ ಹಾಸಿಗೆ ಹಾಸು, ಅಡ್ಡೆಳೆಯ ಹೊಕ್ಕಿಗೆ ಹೊಕ್ಕು ಸೇರಿಸಿ, ಅಲ್ಲೇನೂ ಆಗಿರಲೇ ಇಲ್ಲ ಎನ್ನುವ ಹಾಗೆ ಹೆಣೆದುಕೊಡುವುದು ಅಪ್ಪನ ಕಾಲದಿಂದ ಬಂದ ಕೆಲಸ. ಆ ಮೊಳೆಯೂ ಅಪ್ಪನದೇ. ಕೆಲಸ ಮುಗಿದ ಬಟ್ಟೆಯನ್ನು ಅದಕ್ಕೆ ನೇತುಹಾಕಿ ಗಿರಾಕಿಯನ್ನು ಒಂದು ಮಾರು ದೂರ ನಿಲ್ಲಿಸಿ, "ಹುಡುಕಿ" ಎನ್ನಬೇಕು. ಸಿಕ್ಕಿದರೆ ಅವರೆದುರೇ ಬಿಚ್ಚಿ ಮತ್ತೆ ಹೆಣೆಯಬೇಕು. ಸಿಗದಿದ್ದರೆ ಅಂಗಡಿಯವನು ಸೂಜಿಯ ಮೊನೆಯಿಂದ ಜಾಗ ತೋರಿಸಬೇಕು. ತೋರಿಸಿದ ಮೇಲೂ ಗಿರಾಕಿಗೆ ಕಾಣಬಾರದು. ಆಗ ಅಪ್ಪನ ಮುಖದಲ್ಲೊಂದು ನಗು ಬರುತ್ತಿತ್ತು, ಮನೆಯಲ್ಲಿ ಯಾವತ್ತೂ ಕಾಣದ ನಗು. ಹುಡುಗನಾಗಿದ್ದಾಗ ಇವನು ಮಾತ್ರ ಅಪ್ಪನ ಹೆಣಿಗೆಯನ್ನೂ ಹುಡುಕಿಬಿಡುತ್ತಿದ್ದ. "ಒಕ್ಕಣ್ಣ ಹದ್ದು ಕಣಯ್ಯ ಇವನು" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು, ಎಡಗಣ್ಣು ಹುಟ್ಟಿನಿಂದಲೇ ಮಂದ, ಬಲಗಣ್ಣೇ ಎರಡರ ಕೆಲಸ ಮಾಡುತ್ತಿತ್ತು ಎಂದು. ಬರಬರುತ್ತ ಒಕ್ಕಣ್ಣ ಉದುರಿ ಹದ್ದು ಉಳಿಯಿತು. ಬೀದಿಯವರಿಗೂ ಗಿರಾಕಿಗಳಿಗೂ ಅವನು ಹದ್ದೇ. ತಂಗಿಗೆ ಯಾರೂ ಅಂಥ ಹೆಸರಿಡಲಿಲ್ಲ. ಅವಳು ಹದ್ದಿನ ತಂಗಿ.

ಕೋಟನ್ನು ಹತ್ತಿರಕ್ಕೆ ಎಳೆದುಕೊಂಡ. ಬೂದಿ ಬಣ್ಣ, ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳು, ಭುಜದಿಂದ ಮಣಿಕಟ್ಟಿನವರೆಗೆ. ಇಂಥ ಗೆರೆಬಟ್ಟೆ ರಫಿನವರಿಗೆ ಶತ್ರು. ಬರೀ ಬಟ್ಟೆಯಲ್ಲಿ ಒಂದೆಳೆ ಆಚೀಚೆಯಾದರೆ ನಡೆದೀತು, ಗೆರೆ ಒಂದೆಳೆ ಸರಿದರೂ ಚಾಡಿ ಹೇಳುತ್ತದೆ. ತೋಳನ್ನು ಬೆಳಕಿಗೆ ಹಿಡಿದು ಮೊಣಕೈಯ ಜಾಗಕ್ಕೆ ದೃಷ್ಟಿ ನೆಟ್ಟ. ಇಗೋ, ಇಲ್ಲಿ. ಗೆರೆ ನೆಟ್ಟಗೆ ಬಂದು ಬಂದು ಇಲ್ಲಿ ಜೋಲುತ್ತದೆ, ಒದ್ದೆ ಕಂಬಳಿ ಹಾಕಿದ ಹಗ್ಗದ ಹಾಗೆ. ಎಂಥವನಿಗೂ ಕಾಣುತ್ತದೆ! ಅವಳಿಗೆ ಯಾಕೆ ಕಾಣುವುದಿಲ್ಲ? ಬೇಕಂತಲೇ ಹಟ. ನಲವತ್ತು ದಾಟಿದರೂ ಹಟ ಹೋಗಿಲ್ಲ. ಸ್ವಲ್ಪ ಮೇಲಕ್ಕೆ ನೋಡಿದ. ಅಲ್ಲೂ ಜೋತಿತ್ತು. ಮೊಣಕೈ ಹತ್ತಿರದ್ದು ಈಗ ನೆಟ್ಟಗಾಗಿತ್ತು. ಚಿಕ್ಕಂದಿನಲ್ಲಿ ನಡೆದಲ್ಲೆಲ್ಲ ಚಂದ್ರ ಹಿಂದೆಯೇ ಬರುತ್ತಿದ್ದನಲ್ಲ, ಹಾಗೆ ಆ ಸೊಟ್ಟು ಕಣ್ಣು ಹೋದಲ್ಲೆಲ್ಲ ಹಿಂದೆಯೇ ಬರುತ್ತಿತ್ತು. ಬೆಳಗ್ಗೆ ಬಾಗಿಲ ಚೌಕಟ್ಟಿನಲ್ಲಿ ಇತ್ತು. ಕನ್ನಡಿಯಲ್ಲಿ ಮೀಸೆ ಕತ್ತರಿಸುವಾಗ ಮೀಸೆಯಲ್ಲಿತ್ತು; ಒಂದು ಕಡೆ ಜಾಸ್ತಿ ಕತ್ತರಿಸಿ, ಸರಿಮಾಡಲು ಇನ್ನೊಂದು ಕಡೆ ಕತ್ತರಿಸಿ, ಕೊನೆಗೆ ಮೂಗಿನ ಕೆಳಗೆ ಕೊಳೆ ಮೆತ್ತಿದಷ್ಟು ಉಳಿದಿತ್ತು. ಹೆಂಡತಿ ನೋಡಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದದ್ದಕ್ಕೆ ತಟ್ಟೆಯನ್ನು ತಳ್ಳಿ ಎದ್ದು ಬಂದಿದ್ದ.

ಕೆಲವು ತಿಂಗಳ ಹಿಂದೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದಾಗ ಸಾಲಿನಲ್ಲಿ ಅವನ ಮುಂದೆ ಒಬ್ಬ ಕಿವುಡ ಮುದುಕ ಇದ್ದ. ಗೋಡೆಯ ಮೇಲಿನ ಅಕ್ಷರಗಳನ್ನು ಊರಿಗೆಲ್ಲ ಕೇಳುವ ಹಾಗೆ ಕೂಗಿ ಓದುತ್ತಿದ್ದ. ಹೊರಗೆ ಬೆಂಚಿನ ಮೇಲೆ ಕೂತು ಇವನು ಒಂದೊಂದೇ ಸಾಲು ಬಾಯಿಪಾಠ ಮಾಡಿಕೊಂಡ. ಶಾಲೆಯಲ್ಲಿ ಮಗ್ಗಿಯನ್ನು ಕೂಡ ಅಷ್ಟು ಶ್ರದ್ಧೆಯಿಂದ ಕಲಿತಿರಲಿಲ್ಲ. ಒಳಗೆ ಹೋಗಿ, ಕೈಕಟ್ಟಿ ನಿಂತು, ಕೊನೆಯ ಸಾಲಿನ ತನಕ ತಡವರಿಸದೆ ಒಪ್ಪಿಸಿದ. ಕಣ್ಣಿನ ಡಾಕ್ಟರು, ಅವನಿಗೆ ಮಗಳಾಗಬಹುದಾದ ವಯಸ್ಸಿನ ಹೆಂಗಸು, ಹಲಗೆಯ ಕಡೆ ಒಮ್ಮೆ ನೋಡಿದರು. ಮೂಲೆಯಲ್ಲಿದ್ದ ನರ್ಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮುದುಕ ಹೋದ ಮೇಲೆ ಹಲಗೆ ಬದಲಾಯಿಸಿದ್ದರು. ಆಮೇಲೆ ಅವನನ್ನು ಕೂರಿಸಿ ಡಾಕ್ಟರು ಸಮಾಧಾನವಾಗಿ ಹೇಳಿದ್ದರು. "ಕಣ್ಣಿನ ಒಳಗೆ ಹಿಂದಿನ ಗೋಡೆ ಮೇಲೆ ಬೆಳಕು ಹಿಡಿಯೋ ಕಣಗಳಿರ್ತವೆ, ಸಾಸಿವೆ ಚೆಲ್ಲಿದ ಹಾಗೆ ಅಂತ ಇಟ್ಕೊಳ್ಳಿ. ನಡುವೆ ಒಂದೇ ಒಂದು ಜಾಗದಲ್ಲಿ, ಗುಂಡುಸೂಜಿ ತಲೆಯಷ್ಟು ಜಾಗ, ಒತ್ತೊತ್ತಾಗಿ ಕೂತಿರ್ತವೆ. ಸಣ್ಣ ಕೆಲಸ ಎಲ್ಲ ನಾವು ಮಾಡೋದು ಅದೊಂದರಿಂದಲೇ. ಆಚೆಗೆ ಹೋದ ಹಾಗೆ ತೆಳ್ಳಗಾಗ್ತವೆ. ಯಾರೋ ಬಂದ್ರು ಅನ್ನೋದು ಗೊತ್ತಾಗುತ್ತೆ, ಅವರ ಮುಖ ಗೊತ್ತಾಗಲ್ಲ." ನೀವೇನು ಕೆಲಸ ಮಾಡ್ತೀರಿ ಎಂದು ಕೇಳಿ, ಅವನು ಹೇಳಿದ ಮೇಲೆ ಅವರಿಗೆ ಹುರುಪು ಬಂದುಬಿಟ್ಟಿತ್ತು. "ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ಎರಡು ಎಳೆ ಎರಡಾಗಿ ಕಾಣ್ಬೇಕಾದ್ರೆ ಎರಡೂ ಬೇರೆ ಬೇರೆ ಕಾಳಿನ ಮೇಲೆ ಬೀಳ್ಬೇಕು, ನಡುವೆ ಒಂದು ಕಾಳು ಖಾಲಿ ಇರ್ಬೇಕು. ಒಂದೇ ಕಾಳಿನ ಮೇಲೆ ಬಿದ್ರೆ ಒಂದೇ ಎಳೆ. ಹದ್ದಿಗೆ ಕಾಳು ನಮಗಿಂತ ಒತ್ತಾಗಿರ್ತವೆ. ಮನುಷ್ಯರಿಗೆ ಇಷ್ಟೇ. ಎಷ್ಟೇ ಕಣ್ಣರಳಿಸಿದ್ರೂ ಇದಕ್ಕಿಂತ ಸಣ್ಣದು ಯಾರಿಗೂ ಕಾಣಲ್ಲ."

ಅವನಿಗೆ ಯಾರೋ ಕೆನ್ನೆಗೆ ಹೊಡೆದಂತಾಗಿತ್ತು. ಇಷ್ಟೇನಾ? ಅಪ್ಪನ ಆ ನಗು, ಮೊಳೆಯ ಮುಂದೆ ಸೋತು ನಿಂತವರ ಬೆರಗು, ತನ್ನ ಜಂಬ, ಎಲ್ಲ ಇದೇನಾ? ಹರಕು ಮುಚ್ಚಿದ್ದು ತಮ್ಮ ಕೈಚಳಕವಲ್ಲ. ನೋಡುವವರ ಕಣ್ಣೊಳಗೆ ಕಾಳು ಸಾಲದೆ ಬಿದ್ದ ಸಂದಿಯಲ್ಲಿ ಮೂರು ಹೊಟ್ಟೆ ಇಷ್ಟು ವರ್ಷ ಬದುಕಿದ್ದವು. ಡಾಕ್ಟರು ಒಂದು ಕಾಗದ ಮುಂದೆ ಹಿಡಿದರು, ಅಡ್ಡ ಉದ್ದ ಗೆರೆ ಎಳೆದ ಚೌಕ, ನಡುವೆ ಒಂದು ಚುಕ್ಕೆ. ಒಳ್ಳೆ ಬಿಡಿ ನೇಯ್ಗೆಯ ಬಟ್ಟೆಯ ಹಾಗಿತ್ತು. "ಚುಕ್ಕೆ ನೋಡಿ. ಸುತ್ತ ಗೆರೆಗಳು ನೆಟ್ಟಗಿವೆಯಾ, ಎಲ್ಲಾದ್ರೂ ಬಾಗಿವೆಯಾ?" ನಡುವೆ ಗೆರೆಗಳು ಕುಸಿದು ಒಂದರ ಮೇಲೊಂದು ಬಿದ್ದಿದ್ದವು. "ನೆಟ್ಟಗಿವೆ" ಎಂದ. "ಸರಿಯಾಗಿ ನೋಡಿ. ಬಾಗಿದ್ರೆ ಹೇಳ್ಬಿಡಿ, ಒಳಗೆ ನೀರು ತುಂಬ್ತಾ ಇದೆ ಅಂತ ಅರ್ಥ. ಇಂಜೆಕ್ಷನ್ ಕೊಟ್ಟು ತಡೀಬಹುದು. ತಡ ಮಾಡಿದ್ರೆ ಆಗಲ್ಲ. ಕಣ್ಣಿನ ಹಿಂದಿನ ಗೋಡೇದು ಫೋಟೋ ತೆಗೆಸ್ಬೇಕು, ಸೋಮವಾರ ಬನ್ನಿ." "ನೆಟ್ಟಗಿವೆ ಅಂದ್ನಲ್ಲ!" ಎಂದು ಗದರಿಸಿ ಎದ್ದು ಬಂದಿದ್ದ. ಆ ಸೋಮವಾರ ಹೋಗಿ ಎಷ್ಟು ಸೋಮವಾರಗಳಾದವೋ.

ಮೇಜಿನ ಖಾನೆಯಲ್ಲಿ ಭೂತಗನ್ನಡಿ ಇತ್ತು. ಅಪ್ಪನ ಕಾಲದಲ್ಲಿ ಅದನ್ನು ಮುಟ್ಟುವುದು ಕೆಲಸಕ್ಕೆ ಕೂರುವಾಗ ಎಳೆ ಎಣಿಸಲು ಮಾತ್ರ. ಮುಗಿದ ಕೆಲಸವನ್ನು ಅದರಲ್ಲಿ ನೋಡಬಾರದು ಎನ್ನುವುದು ಅಂಗಡಿಯ ಕಟ್ಟಳೆ. ಭೂತಗನ್ನಡಿಯ ಕೆಳಗೆ ಯಾವ ರಫು ತಾನೇ ಉಳಿದೀತು? ಎಲ್ಲ ಗಂಟೂ ಹೊರಗೆ ಬರುತ್ತದೆ, ದೇವರೇ ಹೆಣೆದಿದ್ದರೂ. ಹಾಗಿದ್ದೂ ಒಂದು ಸಲ ಅವನು ಆ ಕಟ್ಟಳೆ ಮುರಿದಿದ್ದ. ದೊಡ್ಡ ಊರಿನ ವಸ್ತುಸಂಗ್ರಹಾಲಯದಿಂದ ಒಬ್ಬ ಹಿರಿಯರು ಬಂದಿದ್ದರು. ಅಲ್ಲಿ ಹಳೆಯ ರಾಜರ ಕಾಲದ ಬಟ್ಟೆಗಳನ್ನು ಸರಿಮಾಡಲು ಕೈ ಬೇಕಾಗಿತ್ತಂತೆ. ತಂಗಿ ಹೆಣೆದ ಶಾಲನ್ನು ಮೊಳೆಗೆ ಹಾಕಿ ಬಹಳ ಹೊತ್ತು ಹುಡುಕಿ, ಸೋತು, "ಈ ಹುಡುಗೀನ ನಮಗೆ ಕಳಿಸಿಕೊಡಿ" ಎಂದಿದ್ದರು. ಅವಳಿಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ಬಾಗಿಲ ಬಳಿ ನಿಂತು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಕಿವಿಯವರೆಗೆ ಕೆಂಪಾಗಿದ್ದಳು. ಅಪ್ಪ ಹೋಗಿ ವರ್ಷ ತುಂಬಿರಲಿಲ್ಲ. ಅಂಗಡಿಯ ತುಂಬ ಕೆಲಸ. ಇವಳು ಹೋದರೆ ಎದುರಿನ ಕುರ್ಚಿ ಖಾಲಿ. ಅವನು, "ಪುಟ್ಟೀ, ಆ ಭೂತಗನ್ನಡಿ ಕೊಡಮ್ಮ" ಎಂದ. ಅವಳೇ ಖಾನೆ ತೆಗೆದು ಕೊಟ್ಟಳು, ಒರೆಸಿ ಕೊಟ್ಟಳು. ಅದನ್ನು ಶಾಲಿನ ಮೇಲೆ ಹಿಡಿದು ಹಿರಿಯರನ್ನು ಬಗ್ಗಿಸಿ, "ನೋಡಿದ್ರಾ? ಇಲ್ಲಿ ನೋಡಿ, ಇಲ್ಲೊಂದು. ಇನ್ನೂ ಪಳಗಬೇಕು ಕೈ" ಎಂದಿದ್ದ. ಹಿರಿಯರು ಹೌದಪ್ಪ ಎನ್ನುತ್ತ ಹೋದರು. ಅವಳು ಆ ಮಧ್ಯಾಹ್ನವೆಲ್ಲ ಕೂತು ಶಾಲಿನ ಕೆಲಸ ಬಿಚ್ಚಿದಳು, ಮತ್ತೆ ಹೆಣೆದಳು. ಬಯ್ದಿದ್ದರೆ ಚೆನ್ನಾಗಿತ್ತು. ಬಯ್ದವರ ಜೊತೆ ಜಗಳವಾಡಿ ಮುಗಿಸಬಹುದು.

ಬ್ಲೇಡು ತೆಗೆದ. ಬಿಚ್ಚಿಯೇ ತೋರಿಸುತ್ತೇನೆ, ಒಳಗೆ ಎಷ್ಟು ಸೊಟ್ಟ ಹೆಣೆದಿದ್ದಾಳೆ ನೋಡೋಣ. ಗೆರೆ ಜೋತ ಕಡೆ ಸೂಜಿ ತೂರಿ, ಒಂದು ಹೊಕ್ಕಿನೆಳೆ ಎತ್ತಿ, ಬ್ಲೇಡಿನ ಮೂಲೆಯನ್ನು ಅದಕ್ಕೆ ತಾಗಿಸಿದ. ಎಳೆ ತುಂಡಾದ ಸದ್ದು ಬೇರೆ ಯಾರಿಗೂ ಕೇಳದು, ಅವನಿಗೆ ಬೆರಳಲ್ಲಿ ಕೇಳಿತು. ಇನ್ನೊಂದು. ಮತ್ತೊಂದು. ಒಂದು ಪುಟ್ಟ ಕಿಟಕಿಯಷ್ಟು ಜಾಗವಾದ ಮೇಲೆ ತುದಿಯನ್ನು ಚಿಮಟಿಗೆಯಲ್ಲಿ ಹಿಡಿದು ಎಳೆದ. ರಫಿನ ಎಳೆ ಗಿಡ್ಡ. ಬೆರಳಗಲ ಬಂದು ಸುಮ್ಮನೆ ಕೈಗೆ ಬಿದ್ದುಬಿಡುತ್ತದೆ. ಇದು ಬಂತು. ಬರುತ್ತಲೇ ಇತ್ತು. ತೋಳು ಸುಕ್ಕುಗಟ್ಟಿ ಹೊಲಿಗೆಯ ತನಕ ನೆರಿಗೆ ಎದ್ದಿತು. ಇನ್ನೊಂದನ್ನು ಎಳೆದ. ಅದೂ ಹಾಗೆಯೇ. ಕೈ ನಿಂತಿತು. ಬೆರಳುಗಳಿಗೆ ಗೊತ್ತಾದದ್ದು ತಲೆಗೆ ಏರಲು ಸ್ವಲ್ಪ ಹೊತ್ತು ಹಿಡಿಯಿತು. ಏರಿದ ಮೇಲೂ ಅವನು ಅದನ್ನು ಹೊಸ್ತಿಲಲ್ಲೇ ನಿಲ್ಲಿಸಿಕೊಂಡು ಕೂತ. ಇದು ಮಗ್ಗದಲ್ಲಿ ನೇಯ್ದ ಎಳೆ. ಇಲ್ಲಿ ಯಾವತ್ತೂ ಯಾರೂ ಏನೂ ಹೆಣೆದಿರಲಿಲ್ಲ.

ಚಪ್ಪಲಿ ಸದ್ದಾಯಿತು. ತಂಗಿ ಬಂದಳು, ಅವನಿಗೂ ಒಂದು ಲೋಟ ಚಹಾ ತಂದಿದ್ದಳು. ಜಗಳವಾಡಿ ಹೋದಾಗಲೆಲ್ಲ ತರುತ್ತಾಳೆ, ಮೇಜಿನ ಮೇಲೆ ಕುಕ್ಕುತ್ತಾಳೆ, ಅಲ್ಲಿಗೆ ಜಗಳ ಮುಗಿಯುತ್ತದೆ. ಇವತ್ತು ಲೋಟ ಅವಳ ಕೈಯಲ್ಲೇ ಉಳಿಯಿತು.

"ಅಣ್ಣ, ಏನ್ ಮಾಡಿದ್ದೀಯಾ?"

"ಬಿಚ್ಚಿದೆ. ನೀನು ಬಿಚ್ಚಲಿಲ್ಲ, ನಾನು ಬಿಚ್ಚಿದೆ."

"ಅದು ಬಲದ ತೋಳು."

ಅವನು ಚಿಮಟಿಗೆಯನ್ನು ಮೇಜಿನ ಮೇಲಿಟ್ಟ.

"ಹರಿದಿದ್ದು ಎಡದ್ದು ಅಣ್ಣ. ನಾನು ಕೋಟು ಬಿಸಾಕಿದಾಗ ಮಗುಚಿ ಬಿತ್ತೋ ಏನೋ. ನಿಂಗೆ... ಇಲ್ಲೇನೂ ಇರ್ಲಿಲ್ಲ ಅನ್ನೋದು ಕಾಣ್ಲಿಲ್ವಾ?"

ಲೋಟವನ್ನು ಮೆಲ್ಲಗೆ ಇಟ್ಟು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನಿಗೆ ಭಯವಾದದ್ದು.

"ಕಣ್ಣು ಹೇಗಿದೆ? ನಿಜ ಹೇಳು. ಅತ್ತಿಗೆ ನಂಗೆ ಎಲ್ಲ ಹೇಳಿದ್ದಾಳೆ. ನೀನು ಹೆಣೆದದ್ದನ್ನ ಎಷ್ಟು ದಿನದಿಂದ ನಾನು ಮತ್ತೆ ಸರಿಮಾಡಿ ಮೊಳೆಗೆ ಹಾಕ್ತಾ ಇದ್ದೀನಿ ಗೊತ್ತಾ? ನೀನು ಊಟಕ್ಕೆ ಹೋದಾಗ. ನಾನೇನೂ ಅನ್ಕೊಳ್ಳಲ್ಲ. ಕಾಣ್ತಾ ಇಲ್ಲ ಪುಟ್ಟೀ ಅಂತ ಒಂದು ಮಾತು ಹೇಳು ಸಾಕು. ನಾಳೆನೇ ಡಾಕ್ಟ್ರ ಹತ್ರ ಹೋಗೋಣ, ಅಂಗಡಿ ನಾನು ನೋಡ್ಕೋತೀನಿ."

ಒಂದು ಮಾತು. ಅದು ಗಂಟಲಿಗೆ ಬಂದಿತ್ತು ಕೂಡ. ಆದರೆ ಊಟಕ್ಕೆ ಹೋದಾಗ, ಎಂದಳಲ್ಲ. ಹೊಟ್ಟೆ ತುಂಬಿಸಿಕೊಂಡು ಬಂದು, ಮೊಳೆಯ ಮೇಲಿನ ಬಟ್ಟೆ ನೋಡಿ, ಗಿರಾಕಿ ಸೋತದ್ದು ನೋಡಿ, ಅಪ್ಪನ ಹಾಗೆ ತಾನೂ ನಗುತ್ತಿದ್ದಾಗ, ಈ ಕುರ್ಚಿಯಿಂದ ಇವಳು ಅದನ್ನು ನೋಡುತ್ತ ಕೂತಿದ್ದಳು. ಎಷ್ಟು ದಿನ? ಮೈಯ ಬಟ್ಟೆಯನ್ನೆಲ್ಲ ಬೀದಿಯಲ್ಲಿ ಕಳಚಿದ ಹಾಗಾಯಿತು. ಅವಳ ಮುಖ ನೋಡಿದ. ಮುಖ ಇದ್ದ ಕಡೆ ಒದ್ದೆ ಬೆರಳಿನಿಂದ ಸವರಿದ ಹಾಗೊಂದು ಕಲೆ ಇತ್ತು. ಸುತ್ತ ಕೂದಲು, ಕಿವಿ, ಕಿಟಕಿ.

"ನನ್ನ ಕಣ್ಣಿಗೇನು ಧಾಡಿ? ನಿನಗಿಂತ ಚೆನ್ನಾಗಿದೆ. ಆ ತೋಳು ಸರಿಮಾಡು ಮೊದಲು."

ಅವಳು ಬಹಳ ಹೊತ್ತು ಅವನನ್ನೇ ನೋಡಿದಳು, ಅಥವಾ ಹಾಗೆಂದು ಅವನಿಗೆ ಅನ್ನಿಸಿತು. ಆಮೇಲೆ ಕೋಟನ್ನು ತಿರುಗಿಸಿ, ಒಳಮಡಿಕೆ ಬಿಡಿಸಿ ಎಳೆ ತೆಗೆಯಲು ಕೂತಳು. ಚಹಾ ಕೆನೆಗಟ್ಟಿತು. ಕಿಟಕಿಯ ಬೆಳಕು ಹಳದಿಗೆ ತಿರುಗಿತು. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ ಬಂದು ಹೋಯಿತು. ಅವನು ಬೇರೆ ಏನೂ ಮಾಡಲು ತೋಚದೆ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದ, ಕಪ್ಪಿನ ಪಕ್ಕ ನೀಲಿಯನ್ನು ಇಟ್ಟ, ತೆಗೆದ, ಮತ್ತೆ ಇಟ್ಟ. ತಂಗಿಯ ಸೂಜಿ ಎಳೆಗಳ ನಡುವೆ ಮುಳುಗಿ ಏಳುತ್ತಿತ್ತು. ಚಿಕ್ಕಂದಿನಲ್ಲಿ ಅವಳ ಹೆಣಿಗೆ ಬಿಗಿಯಾಯಿತೆಂದು ಸ್ಕೇಲಿನಿಂದ ಗೆಣ್ಣಿಗೆ ಹೊಡೆದಿದ್ದ. ಈಗ ಆ ಗೆಣ್ಣು ಅವನಿಗೆ ಕಾಣುತ್ತಿರಲಿಲ್ಲ.

ಬ್ಯಾಂಕಿನವರು ದೀಪ ಹಾಕುವ ಹೊತ್ತಿಗೆ ಬಂದರು, ಬಾಗಿಲಲ್ಲೇ ಜೋರಾಗಿ ನಗುತ್ತ. "ಏನ್ರೀ ಹದ್ದು, ಆಯ್ತಾ ನನ್ನ ಕೋಟು? ನಾಳೆ ಮಗಳ ಗಂಡಿನ ಕಡೆಯೋರ ಮನೆಗೆ ಹೋಗ್ಬೇಕು. ಮೊಳೆಗೆ ಸಿಕ್ಕಿ ಹರೀತು ಅಂದ್ರೆ ಯಾರು ನಂಬ್ತಾರೆ, ನಾಯಿ ಅಟ್ಟಿಸಿಕೊಂಡು ಬಂತೇನೋ ಅಂತಾರೆ." ತಂಗಿ ಕೋಟನ್ನು ಗೋಡೆಯ ಮೊಳೆಗೆ ಹಾಕಿ ಹಿಂದೆ ಸರಿದಳು. ಬ್ಯಾಂಕಿನವರು ಒಂದು ಮಾರು ದೂರ ನಿಂತರು, ಕನ್ನಡಕ ಏರಿಸಿದರು, ಇಳಿಸಿದರು, ಕತ್ತು ಓರೆ ಮಾಡಿದರು. ಬಲತೋಳಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. "ಇಲ್ಲಪ್ಪ, ಸೋತೆ. ಎಡತೋಳು ಅನ್ನೋದು ನಂಗೆ ಗೊತ್ತು, ಆದ್ರೂ ಸಿಗ್ತಾ ಇಲ್ಲ. ಎಲ್ಲಿತ್ತು ತೋರಿಸಿ."

ಅವನು ಸೂಜಿ ತೆಗೆದುಕೊಂಡು ಮೊಳೆಯ ಹತ್ತಿರ ಹೋದ. ಎಡತೋಳು. ಮೊಣಕೈ. ಗೆರೆ ಎಲ್ಲೆಲ್ಲೂ ಜೋಲುತ್ತಿತ್ತು. ಉಸಿರು ಹಿಡಿದು ಬೆರಳಿನಿಂದ ಒಂದು ಸಲ ಸವರಿದ. ಬಟ್ಟೆ ಬರೀ ಬಟ್ಟೆಯಾಗಿತ್ತು. ಅಪ್ಪನ ಕೆಲಸ ಕೂಡ ಬೆರಳಿಗೆ ಇಷ್ಟು ಸುಮ್ಮನಿರುತ್ತಿರಲಿಲ್ಲ. ಸೂಜಿಯ ಮೊನೆಯನ್ನು ಒಂದು ಕಡೆ ಇಟ್ಟ. ಹಿಂದೆ ತಂಗಿಯ ಉಸಿರು ಒಂದು ಗಳಿಗೆ ನಿಂತದ್ದು ಕೇಳಿಸಿತು. ತಪ್ಪು. ಎಷ್ಟು ತಪ್ಪು ಎಂದು ಗೊತ್ತಿಲ್ಲ, ಆದರೆ ತಪ್ಪು.

"ಹೂಂ, ಅಲ್ಲೇ" ಎಂದಳು ತಂಗಿ.

ಬ್ಯಾಂಕಿನವರು ಮೂಗು ತಾಗುವಷ್ಟು ಬಗ್ಗಿ ನೋಡಿದರು. "ತೋರಿಸಿದ್ರೂ ಕಾಣಲ್ವಲ್ರೀ! ಹದ್ದು ಅಂದ್ರೆ ಹದ್ದೇ ಬಿಡಿ. ಯಾರ ಕೈ ಇದು, ನಿಮ್ದಾ, ಇವರದಾ?"

ಅವಳು ಈಗಷ್ಟೇ ಅವನ ಮಾನ ಕಾಪಾಡಿದ್ದಳು, ಗಿರಾಕಿಯೆದುರು, ಒಂದೇ ಮಾತಿನಲ್ಲಿ. ಕಾಪಾಡಿಸಿಕೊಂಡದ್ದನ್ನು ಅವನಿಗೆ ತಡೆಯಲಾಗಲಿಲ್ಲ. ಬಾಯಿ ತಾನಾಗಿ ತೆರೆಯಿತು. ಹಳೆಯ ಬಾಗಿಲು ಹಳೆಯ ಸದ್ದನ್ನೇ ಮಾಡುವ ಹಾಗೆ ಅದು ಆಡಿದ್ದು ಹಳೆಯ ಮಾತನ್ನೇ.

"ಅವಳದು. ಗೆರೆ ಸ್ವಲ್ಪ ಸೊಟ್ಟಗಿದೆ, ನಿಮಗೆ ಕಾಣಲ್ಲ ಅಷ್ಟೆ. ಇನ್ನೂ ಪಳಗಬೇಕು ಕೈ."

ಬ್ಯಾಂಕಿನವರು ನಕ್ಕರು, ಕೋಟು ತೊಟ್ಟುಕೊಂಡೇ ಹೋದರು. ಕೋಣೆಯಲ್ಲಿ ಅವರ ನಗು ಸ್ವಲ್ಪ ಹೊತ್ತು ಉಳಿದು ಅದೂ ಹೋಯಿತು. ತಂಗಿ ತನ್ನ ಸೂಜಿ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದಳು. ಸಣ್ಣ ಕತ್ತರಿ ಹಾಕಿದಳು. ಅವು ಯಾವತ್ತೂ ಮೇಜಿನ ಮೇಲೇ ಇರುತ್ತಿದ್ದವು. ಆಮೇಲೆ ಖಾನೆ ಎಳೆದು ಭೂತಗನ್ನಡಿ ತೆಗೆದು, ಸೆರಗಿನಿಂದ ಒರೆಸಿ, ಅವನ ಕೈಗೆ ಕೊಟ್ಟಳು.

"ಪುಟ್ಟೀ."

"ಬೇಕಾಗುತ್ತೆ, ಇಟ್ಕೋ."

ಇಷ್ಟು ವರ್ಷ ಪ್ರತಿ ಸಂಜೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ "ಬರ್ತೀನಿ ಅಣ್ಣ" ಎನ್ನುತ್ತಿದ್ದಳು. ಇವತ್ತು "ಹೋಗ್ತೀನಿ" ಎಂದಳು.

ಅವನು ಬಾಗಿಲಿಗೆ ಬಂದ. ಕರೆಯಬೇಕು. ಕರೆದು, ಆ ಒಂದು ಮಾತು ಹೇಳಬೇಕು. ಬೀದಿದೀಪ ಹತ್ತಿತ್ತು. ಅವಳ ಬೆನ್ನಿಗೆ ದೃಷ್ಟಿ ನೆಟ್ಟ; ಬೀದಿ ಇತ್ತು, ಎರಡೂ ಕಡೆ ಮುಚ್ಚುತ್ತಿದ್ದ ಅಂಗಡಿಗಳಿದ್ದವು, ನಡುವೆ ಅವಳಿರಬೇಕಾದ ಕಡೆ ಕಲೆ ಇತ್ತು. ಬೇರೆ ದಾರಿಯಿಲ್ಲದೆ ಕಣ್ಣನ್ನು ದೀಪದ ಕಂಬಕ್ಕೆ ತಿರುಗಿಸಿದ. ಆಗ ಕಂಡಳು, ನೋಟದ ಅಂಚಿನಲ್ಲಿ, ಯಾರೋ ಒಬ್ಬಳು ಹೆಂಗಸು ಹೋಗುತ್ತಿರುವ ಹಾಗೆ. ಅವಳು ಕಾಣುತ್ತಿರಬೇಕಾದರೆ ಅವಳ ಕಡೆ ನೋಡಬಾರದು. ಕಂಬವನ್ನೇ ನೋಡುತ್ತ ನಿಂತ, ಕತ್ತಿನ ನರ ನೋಯುವವರೆಗೆ. ಮೂಲೆಯಲ್ಲಿ, ಚಹಾದಂಗಡಿಯ ಮುಂದೆ, ಆ ಆಕಾರ ನಿಂತಿತು. ಒಂದು ಸಲ ತಿರುಗಿದ ಹಾಗಿತ್ತು. ತಿರುಗಿದಳೋ, ಬರೀ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದಳೋ, ಅಂಚಿನ ಕಾಳುಗಳಿಗೆ ತಿಳಿಯಲಿಲ್ಲ. ತಿಳಿಯಲೆಂದು ಅವನು ಥಟ್ಟನೆ ಆ ಕಡೆ ನೇರವಾಗಿ ನೋಡಿದ. ನೋಡಿದಲ್ಲಿ ಏನೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಬೇಗ ಬಂದು ಬಾಗಿಲು ತೆಗೆದ. ಚಹಾದ ಲೋಟ ಮೇಜಿನ ಮೇಲೇ ಇತ್ತು, ಕೆನೆ ಒಣಗಿ ಅಂಟಿಕೊಂಡಿತ್ತು. ಅದನ್ನು ತೊಳೆದು ಅವಳ ಕಡೆಗೆ ಇಟ್ಟ. ಕಿಟಕಿಯ ಬೆಳಕು ಎದುರಿನ ಕುರ್ಚಿಯ ಮೇಲೆ ಬಿತ್ತು, ಹೊತ್ತೇರಿದ ಹಾಗೆ ಬೆಳ್ಳಗಾಯಿತು, ಸಂಜೆಗೆ ಹಳದಿಯಾಯಿತು. ಅವಳು ಬರಲಿಲ್ಲ.